ಔಷಧದಾನವನ್ನು ಮರೆತ ಅಹಿಂಸೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯಗಳೆಂದು ಜೈನ ಪರಂಪರೆ ಸಾರುತ್ತ ಬಂದಿದೆ. ಕರ್ನಾಟಕದ ಪ್ರಾಚೀನ ಶಾಸನಗಳು ಜಿನಭಕ್ತರಾದ ದಾನಿಗಳನ್ನು ಸ್ತುತಿಸುವಾಗ ಈ ನಾಲ್ಕನ್ನೂ ಒಟ್ಟಿಗೆ ಹೆಸರಿಸುವುದು ವಾಡಿಕೆ. ಆದರೆ ಇಂದಿನ ಟ್ರಸ್ಟ್‌ಗಳ ವಾರ್ಷಿಕ ಜಮಾ-ಖರ್ಚನ್ನು ಬಿಡಿಸಿ ನೋಡಿದರೆ ಈ ನಾಲ್ಕರ ಸಮತೂಕ ಕಾಣಸಿಗುವುದು ಅಪರೂಪ. ಆಹಾರದಾನಕ್ಕೆ ಅನ್ನಛತ್ರವಿದೆ, ಶಾಸ್ತ್ರದಾನಕ್ಕೆ ಗ್ರಂಥಪ್ರಕಾಶನವಿದೆ, ಅಭಯದಾನಕ್ಕೆ ಗೋಶಾಲೆಯಿದೆ. ಔಷಧದಾನದ ಖಾತೆಯಲ್ಲಿ ಮಾತ್ರ ವರ್ಷಕ್ಕೊಂದು ನೇತ್ರಚಿಕಿತ್ಸಾ ಶಿಬಿರ, ಬಡರೋಗಿಗಳಿಗೆ ಒಂದಿಷ್ಟು ಧನಸಹಾಯ, ಅನುಕೂಲವುಳ್ಳ ಕೆಲವು ಊರುಗಳಲ್ಲಿ ಒಂದು ಆಸ್ಪತ್ರೆ. ಔಷಧವು ಹುಟ್ಟುವ ಸ್ಥಳವಾದ ಸಂಶೋಧನಾಲಯದ ಹೆಸರು ಆ ಖಾತೆಯಲ್ಲಿ ಬರುವುದೇ ಇಲ್ಲವೆನ್ನಬಹುದು.

ಕಾರಣ ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: ವೈದ್ಯಕೀಯ ಸಂಶೋಧನೆಯೆಂದರೆ ಪ್ರಾಣಿಹಿಂಸೆ, ಅಹಿಂಸಾಧರ್ಮವನ್ನು ಪಾಲಿಸುವವರು ಅದರಿಂದ ದೂರವಿರುವುದೇ ಲೇಸು. ಕೇಳಲು ಇದು ಬಹಳ ಶುದ್ಧವಾದ ಮಾತು. ಆದರೆ ಈ ಮಾತನ್ನಾಡಿದವರ ಮನೆಯಲ್ಲಿ ಜ್ವರ ಕಾಣಿಸಿಕೊಂಡಾಗ ಅದೇ ಸಂಶೋಧನೆಯಿಂದ ಹುಟ್ಟಿದ ಔಷಧವನ್ನು ಅವರೇ ಮೊದಲು ತರಿಸುತ್ತಾರೆ. ತರಿಸುವುದು ತಪ್ಪಲ್ಲ. ಫಲವನ್ನು ಉಂಡು, ಅದು ಹೇಗೆ ಬೆಳೆಯಿತೆಂದು ಕೇಳದೆ, ಇನ್ನೂ ಶುದ್ಧವಾಗಿ ಬೆಳೆಯುವ ದಾರಿಗೆ ಒಂದು ಕಾಸನ್ನೂ ಕೊಡದೆ, ತನ್ನ ಕೈ ನಿರ್ಮಲವೆಂದು ಭಾವಿಸುವುದು ತಪ್ಪು. ಇದಕ್ಕೆ ಅಹಿಂಸೆ ಎಂಬ ಹೆಸರು ಸಲ್ಲದು. ಇದರ ಸರಿಯಾದ ಹೆಸರು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು ಎಂಬುದು ತತ್ತ್ವಾರ್ಥಸೂತ್ರವು ಹೇಳುವ ಹಿಂಸೆಯ ಲಕ್ಷಣದಲ್ಲಿಯೇ ಅಡಕವಾಗಿದೆ.

ಈ ಮಾತು ಬರಿಯ ಆಪಾದನೆಯಾಗಬಾರದು. ಆದ್ದರಿಂದ ಈಚಿನ ವರ್ಷಗಳ ಒಂದು ನಿದರ್ಶನವನ್ನು ಆರಿಸಿಕೊಂಡು ಪರಿಶೀಲಿಸುವುದು ಉಚಿತ. ಪರಸ್ಪರ ಸಂಬಂಧವುಳ್ಳ ಹಲವು ಕೊರೊನಾ ವೈರಾಣುಗಳನ್ನು ಏಕಕಾಲಕ್ಕೆ ಗುರುತಿಸಬಲ್ಲ ಪ್ರತಿಕಾಯಗಳ ವೃತ್ತಾಂತವೇ ಆ ನಿದರ್ಶನ.

ಫಲಕ ಮತ್ತು ಕೈಬರಹ

ಮನುಷ್ಯರಲ್ಲಿ ಹರಡುವ ಕೊರೊನಾ ವೈರಾಣುಗಳಲ್ಲಿ ಏಳು ಚೆನ್ನಾಗಿ ಪರಿಚಿತವಾಗಿವೆ. ಅವುಗಳಲ್ಲಿ ನಾಲ್ಕು ಸಾಮಾನ್ಯ ನೆಗಡಿಯನ್ನು ತರುವಂಥವು. ಉಳಿದ ಮೂರು ಮಾರಕ: 2002ರ ಕೊನೆಯಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಕಾಣಿಸಿಕೊಂಡ ಸಾರ್ಸ್, 2012ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಮರ್ಸ್, 2019ರ ಡಿಸೆಂಬರಿನಲ್ಲಿ ವೂಹಾನ್ ನಗರದಲ್ಲಿ ಕಾಣಿಸಿಕೊಂಡು ಲೋಕವನ್ನೆಲ್ಲ ವ್ಯಾಪಿಸಿದ ಕೋವಿಡ್. ಈ ವೈರಾಣುವಿನ ಹೊರಮೈಯಲ್ಲಿ ಮುಳ್ಳಿನಂಥ ಪ್ರೋಟೀನುಗಳಿವೆ. ಮುಳ್ಳಿನ ತುದಿಯಿಂದ ಅದು ಮನುಷ್ಯನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಮುಳ್ಳಿನ ಕಾಂಡದ ನೆರವಿನಿಂದ ಕೋಶದ ಪೊರೆಯೊಡನೆ ಬೆಸೆದುಕೊಂಡು ಒಳಹೊಗುತ್ತದೆ.

ಇದನ್ನು ತಡೆಯಲು ಶರೀರವು ತಾನೇ ತಯಾರಿಸಿಕೊಳ್ಳುವ ಪ್ರೋಟೀನು ಪ್ರತಿಕಾಯ. ಅದು ಮುಳ್ಳಿಗೆ ಬಿಗಿಯಾಗಿ ಹಿಡಿದುಕೊಂಡು, ವೈರಾಣು ಕೋಶಕ್ಕೆ ಅಂಟದಂತೆಯೋ ಒಳಹೊಗದಂತೆಯೋ ಅಡ್ಡಿಮಾಡುತ್ತದೆ. ಹೆಚ್ಚು ಬಲವುಳ್ಳ ಪ್ರತಿಕಾಯಗಳಲ್ಲಿ ಬಹುಪಾಲು ಮುಳ್ಳಿನ ತುದಿಯನ್ನೇ ಹಿಡಿಯುತ್ತವೆ. ದುರ್ದೈವವೆಂದರೆ ವೈರಾಣು ಅತಿ ಬೇಗನೆ ಬದಲಿಸಿಕೊಳ್ಳುವುದೂ ಆ ತುದಿಯನ್ನೇ. ತುದಿ ಬದಲಾದೊಡನೆ ಹಳೆಯ ಪ್ರತಿಕಾಯ ನಿರುಪಯೋಗಿಯಾಗುತ್ತದೆ.

ಆದರೆ ಮುಳ್ಳಿನಲ್ಲಿ ಬೇರೆ ಕೆಲವು ಸ್ಥಳಗಳಿವೆ. ಅವು ಬದಲಾದರೆ ಮುಳ್ಳಿನ ಮಡಿಕೆಯೇ ಕೆಟ್ಟು ವೈರಾಣುವಿನ ಕೆಲಸವೇ ನಿಂತುಹೋದೀತು. ಆದ್ದರಿಂದ ಒಂದೇ ವಂಶದ ವೈರಾಣುಗಳಲ್ಲಿ ಆ ಸ್ಥಳಗಳು ಬಹುಮಟ್ಟಿಗೆ ಒಂದೇ ರೀತಿಯಾಗಿ ಉಳಿದುಬಂದಿವೆ. ಅಲ್ಲಿ ಹಿಡಿಯಬಲ್ಲ ಪ್ರತಿಕಾಯವು ಒಂದನ್ನು ಬಲ್ಲುದಾದರೆ ಅದರ ಬಂಧುಗಳನ್ನೂ ಬಲ್ಲುದು. ವ್ಯಾಪಾರಿಗಳಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ವರ್ಷಕ್ಕೊಮ್ಮೆ ಅಂಗಡಿಯ ಫಲಕವನ್ನು ಬದಲಿಸುವ ವಂಚಕನನ್ನು ಫಲಕ ನೋಡಿ ಹಿಡಿಯಲಾಗದು. ಆತನ ಕೈಬರಹವನ್ನು ಬಲ್ಲ ಗುಮಾಸ್ತನೊಬ್ಬನಿದ್ದರೆ ಎಷ್ಟು ಫಲಕ ಬದಲಿಸಿದರೂ ಆತ ಸಿಕ್ಕಿಬೀಳುತ್ತಾನೆ.

ಇಂಥ ಪ್ರತಿಕಾಯಗಳಲ್ಲಿಯೂ ಎರಡು ಬಗೆ. ಮುಳ್ಳಿನ ತುದಿಯ ಸಮೀಪದಲ್ಲಿದ್ದೂ ಬೇಗನೆ ಬದಲಾಗದ ಪಾರ್ಶ್ವವನ್ನು ಹಿಡಿಯುವಂಥವು ಸಾರ್ಸ್, ಕೋವಿಡ್ ಮತ್ತು ಬಾವಲಿಗಳಲ್ಲಿರುವ ಅವುಗಳ ಹತ್ತಿರದ ಬಂಧುಗಳನ್ನು ಗುರುತಿಸುತ್ತವೆ. ಕಾಂಡವನ್ನು ಹಿಡಿಯುವಂಥವು ಇನ್ನೂ ದೂರದ ಮರ್ಸ್ ಮತ್ತು ಕೆಲವು ನೆಗಡಿಯ ವೈರಾಣುಗಳನ್ನೂ ಗುರುತಿಸಬಲ್ಲವು, ಆದರೆ ಅವುಗಳ ತಡೆಯುವ ಬಲ ಸಾಮಾನ್ಯವಾಗಿ ಕಡಿಮೆ. ವ್ಯಾಪ್ತಿ ಹೆಚ್ಚಿದಷ್ಟೂ ಬಲ ತಗ್ಗುವ ಈ ತೊಡಕನ್ನು ಬಿಡಿಸುವುದೇ ಇಂದಿನ ಸಂಶೋಧಕರ ಮುಂದಿರುವ ಕೆಲಸ.

ಬದಲಾಗುವುದು ಮತ್ತು ಬದಲಾಗದಿರುವುದು ಎಂದೊಡನೆ ಜೈನ ಓದುಗರಿಗೆ ದ್ರವ್ಯ-ಪರ್ಯಾಯಗಳ ನೆನಪಾಗುವುದು ಸಹಜ. ನೆನಪಾಗಲಿ. ಆದರೆ ಇದೆಲ್ಲವೂ ಆಗಮಗಳಲ್ಲಿ ಮೊದಲೇ ಇತ್ತೆಂದು ಸಭೆಗಳಲ್ಲಿ ಎದೆತಟ್ಟಿಕೊಳ್ಳುವ ಪರಿಪಾಠ ನಿಲ್ಲಬೇಕು. ವೈರಾಣುವಿನ ಆ ಭಾಗವೂ ಪುದ್ಗಲದ ಪರ್ಯಾಯವೇ ಹೊರತು ನಿತ್ಯದ್ರವ್ಯವಲ್ಲ. ಅದು ನಿಧಾನವಾಗಿ ಬದಲಾಗುತ್ತದೆ, ಅಷ್ಟೆ. ಉಪಮಾನವನ್ನು ಪ್ರಮಾಣವೆಂದು ಮಾರುವವರು ಧರ್ಮಕ್ಕೂ ಉಪಕಾರ ಮಾಡುವುದಿಲ್ಲ, ವಿಜ್ಞಾನಕ್ಕೂ ಮಾಡುವುದಿಲ್ಲ.

ಒಬ್ಬ ದಾನಿಯ ರಕ್ತ

ಸಾರ್ಸ್ ರೋಗವು 2003ರ ಜುಲೈ ವೇಳೆಗೆ ಹತೋಟಿಗೆ ಬಂದಿತು. ಅಷ್ಟರಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಜನರಿಗೆ ಸೋಂಕು ತಗುಲಿ, 774 ಮಂದಿ ಅಸುನೀಗಿದ್ದರು. ಆ ವರ್ಷ ಸೋಂಕು ತಗುಲಿ ಗುಣಮುಖರಾದ ಒಬ್ಬರು ಸಂಶೋಧಕರಿಗೆ ತಮ್ಮ ರಕ್ತವನ್ನು ಕೊಟ್ಟರು. ಒಮ್ಮೆ ಕೊಟ್ಟು ಸುಮ್ಮನಾಗಲಿಲ್ಲ, ಸೋಂಕಿನ ಹತ್ತು ವರ್ಷಗಳ ತರುವಾಯ, 2013ರಲ್ಲಿಯೂ ಕೊಟ್ಟರು. ಹಳೆಯ ಸೋಂಕಿನ ಗುರುತನ್ನು ಕಾಪಿಟ್ಟುಕೊಂಡಿರುವ ಜೀವಕೋಶಗಳು ಆ ರಕ್ತದಲ್ಲಿ ಇನ್ನೂ ಬದುಕಿದ್ದವು.

2020ರಲ್ಲಿ ಕೋವಿಡ್ ಆವರಿಸಿದಾಗ ಸ್ವಿಟ್ಜರ್‌ಲೆಂಡಿನ ಬೆಲಿಂಜೋನಾದ ಹುಮಾಬ್ಸ್ ಸಂಸ್ಥೆಯವರೂ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಆ ಕೋಶಗಳಿಂದ ದೊರೆತ ಪ್ರತಿಕಾಯಗಳನ್ನು ಹೊಸ ವೈರಾಣುವಿನ ಮುಂದಿಟ್ಟು ಪರೀಕ್ಷಿಸಿದರು. ಎಸ್309 ಎಂಬ ಪ್ರತಿಕಾಯವು ಸಾರ್ಸ್ ವೈರಾಣುವನ್ನೂ ಕೋವಿಡ್ ವೈರಾಣುವನ್ನೂ ತಡೆಯಿತು. ತಾನು ಎಂದೂ ಕಾಣದ ಶತ್ರುವನ್ನು ಅದು ಹದಿನೇಳು ವರ್ಷಗಳ ಹಳೆಯ ಪರಿಚಯದ ಬಲದಿಂದ ಗುರುತಿಸಿತು. ಆ ವರ್ಷದ ಮೇ ತಿಂಗಳಲ್ಲಿ ನೇಚರ್ ಪತ್ರಿಕೆ ಈ ವಿಷಯವನ್ನು ಪ್ರಕಟಿಸಿತು. ಅದನ್ನೇ ಸಂಸ್ಕರಿಸಿ ಸೊಟ್ರೊವಿಮ್ಯಾಬ್ ಎಂಬ ಔಷಧವನ್ನು ಮಾಡಲಾಯಿತು. ಅಪಾಯದ ಅಂಚಿನಲ್ಲಿದ್ದ ರೋಗಿಗಳ ಮೇಲಿನ ಪ್ರಯೋಗದಲ್ಲಿ ಅದು ಆಸ್ಪತ್ರೆ ಸೇರುವ ಅಥವಾ ಸಾಯುವ ಸಂಭವವನ್ನು ಶೇಕಡಾ 79ರಷ್ಟು ತಗ್ಗಿಸಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದರ ತುರ್ತು ಬಳಕೆಗೆ ಅನುಮತಿ ನೀಡಿತು.

ಅದೇ ತಿಂಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು ಬೇರೊಂದು ಔಷಧ, ಎರಡು ಪ್ರತಿಕಾಯಗಳ ಮಿಶ್ರಣ. ಒಬ್ಬ ರೋಗಿಯ ಪ್ರಮಾಣಕ್ಕೆ ಅದರ ಬೆಲೆ 59,750 ರೂಪಾಯಿ. ಆ ಎರಡು ಪ್ರತಿಕಾಯಗಳೂ ಬೇಗನೆ ಬದಲಾಗುವ ಭಾಗಗಳನ್ನು ಹಿಡಿಯುವಂಥವಾಗಿದ್ದವು. ಒಮಿಕ್ರಾನ್ ಎಂಬ ರೂಪಾಂತರ ಬಂದೊಡನೆ ಅವುಗಳ ಹಿಡಿತ ತಪ್ಪಿತು, 2022ರ ಜನವರಿಯಲ್ಲಿ ಅಮೆರಿಕದಲ್ಲಿ ಅವುಗಳ ಬಳಕೆಯನ್ನು ನಿರ್ಬಂಧಿಸಲಾಯಿತು. ಎಸ್309ರ ಸಂತತಿಯಾದ ಔಷಧವು ಒಮಿಕ್ರಾನಿನ ಮೊದಲ ರೂಪದ ಎದುರು ನಿಂತಿತು. ಸತ್ಯವನ್ನು ಪೂರ್ತಿಯಾಗಿ ಹೇಳಬೇಕಾದರೆ, ಅದೂ ಶಾಶ್ವತವಾಗಿ ನಿಲ್ಲಲಿಲ್ಲ. ಬಿಎ.2 ಎಂಬ ಮುಂದಿನ ರೂಪದ ಎದುರು ಅದರ ಬಲ ಬಹಳ ಕುಗ್ಗಿದ್ದರಿಂದ 2022ರ ಏಪ್ರಿಲ್ ವೇಳೆಗೆ ಅಮೆರಿಕವು ಅದರ ಅನುಮತಿಯನ್ನೂ ಹಿಂತೆಗೆದುಕೊಂಡಿತು. ಇದು ಪವಾಡವಲ್ಲ, ಶ್ರಮ. ಒಂದು ಮೆಟ್ಟಿಲು ಸಾಲದಾದಾಗ ಮುಂದಿನ ಮೆಟ್ಟಿಲನ್ನು ಕಟ್ಟಬೇಕು.

ಆ ಮುಂದಿನ ಮೆಟ್ಟಿಲಿನ ಸುಳಿವೂ ದೊರೆತಿದೆ. 2003ರಲ್ಲಿ ಸಾರ್ಸ್‌ನಿಂದ ಬದುಕುಳಿದ ಸಿಂಗಪುರದ ಎಂಟು ಮಂದಿ 2021ರಲ್ಲಿ ಕೋವಿಡ್ ಲಸಿಕೆಯನ್ನು ಹಾಕಿಸಿಕೊಂಡ ಬಳಿಕ ಅವರ ರಕ್ತವನ್ನು ವಿಜ್ಞಾನಿ ವಾಂಗ್ ಲಿನ್‌ಫಾ ಮತ್ತು ಸಂಗಡಿಗರು ಪರೀಕ್ಷಿಸಿದರು. ಆ ರಕ್ತದಲ್ಲಿದ್ದ ಪ್ರತಿಕಾಯಗಳು ಕೋವಿಡ್‌ನ ರೂಪಾಂತರಗಳನ್ನು ಮಾತ್ರವಲ್ಲ, ಬಾವಲಿ ಮತ್ತು ಚಿಪ್ಪುಹಂದಿಗಳಲ್ಲಿರುವ, ಮನುಷ್ಯರಿಗೆ ಇನ್ನೂ ಹರಡದಿರುವ ಬಂಧು ವೈರಾಣುಗಳನ್ನೂ ತಡೆದವು. ಅಂದರೆ ಮುಂದೆ ಬರಬಹುದಾದ ರೋಗಕ್ಕೆ ಇಂದೇ ಕವಚವನ್ನು ತಯಾರಿಸುವುದು ಅಸಾಧ್ಯದ ಕನಸಲ್ಲ. ಈ ಅರಿವಿಗಾಗಿ ಎಂಟು ಮಂದಿ ಇಷ್ಟಪಟ್ಟು ಕೊಟ್ಟದ್ದು ಸ್ವಲ್ಪ ರಕ್ತ. ಔಷಧದಾನ ಮತ್ತು ಅಭಯದಾನ ಒಂದೇ ಕ್ರಿಯೆಯಲ್ಲಿ ಕೂಡಿಬರುವುದಕ್ಕೆ ಇದಕ್ಕಿಂತ ಸ್ವಚ್ಛವಾದ ದೃಷ್ಟಾಂತ ಯಾವುದಿದೆ?

ಹದಿನೇಳು ವರ್ಷಗಳ ಪ್ರಮಾದ

ಇಷ್ಟೊಂದು ಸಾಧ್ಯವಿದ್ದರೆ 2020ರಲ್ಲಿ ಲೋಕವು ಬರಿಗೈಯಲ್ಲಿ ನಿಂತದ್ದೇಕೆ? ಉತ್ತರ ಕಹಿಯಾದುದು. ಸಾರ್ಸ್ ಕಣ್ಮರೆಯಾದ ಮೇಲೆ ಕೊರೊನಾ ವೈರಾಣುಗಳ ಅಧ್ಯಯನಕ್ಕೆ ಹಣ ಕೊಡುವವರೂ ಕಣ್ಮರೆಯಾದರು. ಅಮೆರಿಕದ ಹ್ಯೂಸ್ಟನ್ ನಗರದ ಪೀಟರ್ ಹೊಟೆಜ್ ಮತ್ತು ಮರಿಯಾ ಎಲೆನಾ ಬೊಟ್ಟಾಜಿ ಎಂಬ ವಿಜ್ಞಾನಿಗಳ ತಂಡವು ಸಾರ್ಸ್‌ಗೆ ಲಸಿಕೆಯೊಂದನ್ನು ಸಿದ್ಧಪಡಿಸಿತ್ತು. 2016ರ ವೇಳೆಗೆ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಹಂತ ಬಂದಿತ್ತು. ಪರೀಕ್ಷೆಗೆ ಹಣ ಕೊಡಲು ಯಾರೂ ಮುಂದೆ ಬರಲಿಲ್ಲ. ಅಂದಿನ ಮಾತು ಒಂದೇ: ಆ ರೋಗ ಈಗ ಇಲ್ಲವಲ್ಲ. 2012ರಲ್ಲಿ ಮರ್ಸ್ ಎರಡನೆಯ ಎಚ್ಚರಿಕೆಯನ್ನು ಕೊಟ್ಟಿತ್ತು, ಅದೂ ಸಾಕಾಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಈ ಅಪರಾಧ ಪರದೇಶದ ಸರಕಾರಗಳದ್ದು ಮಾತ್ರವೇ? ದಾನದಲ್ಲಿ ಹೆಸರು ಮಾಡಿದ ಪ್ರತಿಯೊಂದು ಸಮಾಜವೂ ಆ ಹದಿನೇಳು ವರ್ಷಗಳ ತನ್ನ ಖಾತೆಯನ್ನು ತೆರೆದು ನೋಡಿಕೊಳ್ಳಬೇಕು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಜೈನ ಸಂಸ್ಥೆಗಳು ಹಿಂದೆಮುಂದೆ ನೋಡದೆ ಆಮ್ಲಜನಕದ ಯಂತ್ರಗಳನ್ನು ಕೊಂಡವು, ಊಟದ ಪೊಟ್ಟಣಗಳನ್ನು ಹಂಚಿದವು, ವಿದ್ಯಾರ್ಥಿನಿಲಯಗಳನ್ನು ಆರೈಕೆಯ ಕೇಂದ್ರಗಳನ್ನಾಗಿ ಮಾಡಿದವು. ಆ ಸೇವೆಗೆ ತಲೆಬಾಗಲೇಬೇಕು. ಆದರೆ ಅದು ಮರಣಶಯ್ಯೆಯ ಪಕ್ಕದಲ್ಲಿ ಕೊಟ್ಟ ದಾನ. ರೋಗ ಬಾರದಂತೆ ತಡೆಯುವ ದಾನಕ್ಕೆ ಶಾಂತಿಕಾಲವೇ ಸಕಾಲ, ಮತ್ತು ಶಾಂತಿಕಾಲದಲ್ಲಿ ಆ ಖಾತೆ ಖಾಲಿಯಾಗಿತ್ತು.

ಗೋದಾಮು ಇಟ್ಟುಕೊಂಡ ಯಾವ ವರ್ತಕನೂ ಬೆಂಕಿಯ ವಿಮೆಯ ಕಂತನ್ನು ಕಟ್ಟದೆ ಬಿಡುವುದಿಲ್ಲ. ಇಪ್ಪತ್ತು ವರ್ಷ ಬೆಂಕಿ ಬೀಳಲಿಲ್ಲವೆಂದು ಆ ಕಂತನ್ನು ನಷ್ಟದ ಬಾಬಿಗೆ ಬರೆಯುವ ಲೆಕ್ಕಿಗನೂ ಇಲ್ಲ. ಸರಕಿನ ವಿಷಯದಲ್ಲಿ ಇಷ್ಟು ಎಚ್ಚರವಿರುವವರು ಜೀವಗಳ ವಿಷಯದಲ್ಲಿ ಮಾತ್ರ ರೋಗವು ಬಾಗಿಲಿಗೆ ಬಂದ ಮೇಲೆ ನೋಡೋಣವೆನ್ನುವುದು ಯಾವ ಯತ್ನಾಚಾರ? 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅಂದಿನಿಂದ ಮತ್ತೊಂದು ಮರೆವಿನ ಕಾಲ ಆರಂಭವಾಗಿದೆ. 2003ರ ತಪ್ಪು ಪುನಃ ನಡೆಯುತ್ತಿರುವುದು ಎಲ್ಲರ ಕಣ್ಣೆದುರಿಗೇ.

ಮುಚ್ಚಿಡಬಾರದ ಲೆಕ್ಕ

ಪ್ರಾಣಿಹಿಂಸೆಯ ಆಕ್ಷೇಪಕ್ಕೆ ಈಗ ನೇರವಾಗಿ ಉತ್ತರಿಸಬೇಕು. ಉತ್ತರಿಸುವ ಮೊದಲು ಆಕ್ಷೇಪದಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳಬೇಕು.

ಪ್ರತಿಕಾಯಗಳ ಚರಿತ್ರೆ ಪ್ರಾಣಿಗಳ ನೋವಿನ ಚರಿತ್ರೆಯೂ ಹೌದು. 1890ರ ದಶಕದಿಂದ ಕುದುರೆಗಳಿಗೆ ವಿಷವನ್ನು ಚುಚ್ಚಿ, ಅವುಗಳ ರಕ್ತವನ್ನು ತೆಗೆದು ಔಷಧ ಮಾಡುವ ಪದ್ಧತಿ ನಡೆದುಬಂದಿದೆ. ಭಾರತದಲ್ಲಿ ಹಾವಿನ ಕಡಿತಕ್ಕೆ ಕೊಡುವ ಔಷಧ ಇಂದಿಗೂ ಕುದುರೆಯ ರಕ್ತದಿಂದಲೇ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಬಯಾಲಾಜಿಕಲ್ ಇ ಕಂಪನಿಯೂ ಕೂಡಿ ಕೋವಿಡ್‌ಗೂ ಕುದುರೆಯ ರಕ್ತಸಾರವನ್ನು ಸಿದ್ಧಪಡಿಸಿರುವುದಾಗಿ ತಿಳಿಸಿದವು. ಬೆಲ್ಜಿಯಂ ದೇಶದಲ್ಲಿ ವಿಂಟರ್ ಎಂಬ ಹೆಸರಿನ ಲಾಮಾ ಪ್ರಾಣಿಗೆ 2016ರಲ್ಲಿ ಸಾರ್ಸ್ ಮತ್ತು ಮರ್ಸ್ ವೈರಾಣುಗಳ ಮುಳ್ಳಿನ ಪ್ರೋಟೀನುಗಳನ್ನು ಚುಚ್ಚಲಾಗಿತ್ತು. ಅದರ ರಕ್ತದಿಂದ ದೊರೆತ ಪುಟ್ಟ ಪ್ರತಿಕಾಯವೊಂದು 2020ರಲ್ಲಿ ಕೋವಿಡ್ ವೈರಾಣುವನ್ನೂ ಗುರುತಿಸಿತು. ಆ ಲಾಮಾವನ್ನು ಕೊಲ್ಲಲಿಲ್ಲವೆಂಬುದು ನಿಜ, ಅದರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದೂ ಅಷ್ಟೇ ನಿಜ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದ ವಿಧಾನದಲ್ಲಿ ಇಲಿಗಳೇ ಆಧಾರ. ಅದರ ಒಂದು ಹಳೆಯ ಕ್ರಮದಲ್ಲಿ ಇಲಿಯ ಹೊಟ್ಟೆಯಲ್ಲಿ ನೀರು ತುಂಬಿಸಿ ಅಲ್ಲಿಂದ ಪ್ರತಿಕಾಯವನ್ನು ತೆಗೆಯುತ್ತಿದ್ದರು. ಮನುಷ್ಯನ ರಕ್ತದಿಂದ ಜನಿಸಿದ ಪ್ರತಿಕಾಯವೂ ಪೂರ್ಣವಾಗಿ ನಿಷ್ಕಳಂಕವಲ್ಲ. ಇಂಥ ಔಷಧಗಳನ್ನು ಕಾರ್ಖಾನೆಯಲ್ಲಿ ಬೆಳೆಸಲು ಸಾಮಾನ್ಯವಾಗಿ ಬಳಸುವುದು 1957ರಲ್ಲಿ ಒಂದು ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ತೆಗೆದ ಕೋಶಗಳ ಸಂತತಿಯನ್ನು. ಔಷಧದ ಸುರಕ್ಷತೆಯನ್ನು ನೋಡಿದ್ದೂ ಪ್ರಾಣಿಗಳ ಮೇಲೆಯೇ.

ಇದೆಲ್ಲ ಸತ್ಯ. ಪ್ರಶ್ನೆ ಇರುವುದು, ಈ ಸತ್ಯವನ್ನು ತಿಳಿದ ಶ್ರಾವಕನು ಮಾಡಬೇಕಾದುದೇನು ಎಂಬಲ್ಲಿ. ಹಿಂಸೆಯನ್ನು ಕೃತ, ಕಾರಿತ, ಅನುಮೋದನ ಎಂದು ಮೂರಾಗಿ ಎಣಿಸುವ ಧರ್ಮದಲ್ಲಿ ಔಷಧವನ್ನು ಕೊಂಡು ನುಂಗಿದವನು, ತಾನು ಸೂಜಿಯನ್ನು ಚುಚ್ಚಲಿಲ್ಲವಾದ್ದರಿಂದ ತನಗೆ ಅದರ ಲೇಪವಿಲ್ಲವೆಂದು ಹೇಳುವಂತಿಲ್ಲ. ಔಷಧವನ್ನೇ ಬಿಡುವೆನೆನ್ನುವ ವ್ರತಿಗಳ ಮಾರ್ಗ ಬೇರೆ, ಅವರ ಬಗ್ಗೆ ಇಲ್ಲಿ ಮಾತಿಲ್ಲ. ಆದರೆ ತಾಯಿಗೆ ಹಾವು ಕಚ್ಚಿದರೆ ಗೃಹಸ್ಥನು ಕುದುರೆಯ ರಕ್ತಸಾರವನ್ನು ಕೊಡಿಸಿಯೇ ಕೊಡಿಸುತ್ತಾನೆ. ಕೊಡಿಸಲೂ ಬೇಕು. ಹಾಗಾದರೆ ಆ ಕುದುರೆಯ ಋಣ ಅವನ ಮೇಲಿದೆ. ಅದನ್ನು ತೀರಿಸುವ ಉಪಾಯ ಒಂದೇ: ಮುಂದಿನ ಕುದುರೆಗೆ ಸೂಜಿ ಬೀಳದಂತೆ ಮಾಡುವ ವಿದ್ಯೆಗೆ ದಾನ ಕೊಡುವುದು.

ಆ ವಿದ್ಯೆ ಇಂದು ಬರಿಯ ಆಶಯವಾಗಿ ಉಳಿದಿಲ್ಲ. ಬದುಕುಳಿದವರ ರಕ್ತದಿಂದ ಪ್ರತಿಕಾಯವನ್ನು ಪಡೆಯುವ ದಾರಿಯನ್ನು ಮೇಲೆ ಕಂಡದ್ದಾಯಿತು. ಮನುಷ್ಯ ಪ್ರತಿಕಾಯಗಳ ಕೋಟ್ಯಂತರ ಮಾದರಿಗಳ ಭಂಡಾರವನ್ನು ಸೂಕ್ಷ್ಮಾಣುಗಳ ನೆರವಿನಿಂದ ನಿರ್ಮಿಸಿ, ಅದರೊಳಗಿಂದ ಬೇಕಾದುದನ್ನು ಆರಿಸುವ ವಿಧಾನವೂ ಇದೆ. ಈ ಬಗೆಯ ವಿಧಾನಕ್ಕೆ ದಾರಿ ಮಾಡಿದ ಜಾರ್ಜ್ ಸ್ಮಿತ್ ಮತ್ತು ಗ್ರೆಗರಿ ವಿಂಟರ್ 2018ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಪ್ರತಿಕಾಯಗಳನ್ನು ಪಡೆಯಲು ಇನ್ನು ಪ್ರಾಣಿಗಳನ್ನು ಬಳಸಬಾರದೆಂದು ಯುರೋಪಿನ ಒಕ್ಕೂಟದ ಅಧಿಕೃತ ಪ್ರಯೋಗಾಲಯವು 2020ರಲ್ಲಿ ಶಿಫಾರಸು ಮಾಡಿದೆ. ಭಾರತದ ಔಷಧ ಪರೀಕ್ಷಾ ನಿಯಮಗಳು 2023ರಲ್ಲಿ ತಿದ್ದುಪಡಿಯಾಗಿ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ದೊರೆತಿದೆ. ಪ್ರತಿಕಾಯ ಔಷಧಗಳ ವಿಷಯದಲ್ಲಿ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದೆ.

ಇನ್ನೊಂದು ಉದಾಹರಣೆ ಕರ್ನಾಟಕದ ರಾಜಧಾನಿಯಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡನೆ ಸೇರಿ, ನಾಗರಹಾವು, ಕಟ್ಟುಹಾವು ಮೊದಲಾದವುಗಳ ವಿಷದಲ್ಲಿರುವ ಒಂದು ಪ್ರಮುಖ ನರವಿಷವರ್ಗವನ್ನು ತಡೆಯಬಲ್ಲ ಕೃತಕ ಮಾನವ ಪ್ರತಿಕಾಯವನ್ನು ರೂಪಿಸಿ 2024ರಲ್ಲಿ ಪ್ರಕಟಿಸಿದರು. ಅದನ್ನು ಆರಿಸಿದ್ದು ಕುದುರೆಯ ರಕ್ತದಿಂದಲ್ಲ, ಯೀಸ್ಟ್‌ನಲ್ಲಿ ನಿರ್ಮಿಸಿದ ಭಂಡಾರದಿಂದ. ಹಲವು ಬಂಧು ವೈರಾಣುಗಳಿಗೆ ಒಂದೇ ಪ್ರತಿಕಾಯ ಎಂಬ ತತ್ತ್ವವೇ ಅಲ್ಲಿ ಹಲವು ಬಂಧು ವಿಷಗಳಿಗೆ ಒಂದೇ ಪ್ರತಿಕಾಯ ಎಂದು ಬಳಕೆಯಾಗಿದೆ. ಅದರ ಪರಿಣಾಮವನ್ನು ನೋಡಲು ಇಲಿಗಳನ್ನು ಬಳಸಿದ್ದರು, ದಾರಿ ಇನ್ನೂ ಪೂರ್ತಿ ಮುಗಿದಿಲ್ಲ. ಮುಗಿಯದ ದಾರಿಗೇ ದಾನದ ಅಗತ್ಯ ಹೆಚ್ಚು.

ಪೂರ್ವಸೂರಿಗಳ ಮಾರ್ಗ

ದೂರವಿರುವುದೇ ಜೈನಮಾರ್ಗವೆನ್ನುವವರಿಗೆ ಜೈನ ಇತಿಹಾಸವೇ ಉತ್ತರ ಕೊಡುತ್ತದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಅಂದಿನ ವೈದ್ಯದಲ್ಲಿ ಮಾಂಸವೂ ಔಷಧವಾಗಿ ಬಳಕೆಯಲ್ಲಿತ್ತು. ಉಗ್ರಾದಿತ್ಯರು ವೈದ್ಯವೇ ಹಿಂಸೆಯೆಂದು ಮುಖ ತಿರುಗಿಸಲಿಲ್ಲ. ಮಾಂಸವಿಲ್ಲದ ಚಿಕಿತ್ಸಾಕ್ರಮವನ್ನು ಕಟ್ಟಿದರು, ನೃಪತುಂಗನ ಆಸ್ಥಾನದಲ್ಲಿ ಮಾಂಸೌಷಧದ ವಿರುದ್ಧ ವಾದಿಸಿದರು. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ವಿಷಗಳ ಚಿಕಿತ್ಸೆಯನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿಯೇ ಬರೆದನು. ವಿಷವನ್ನು ಕುರಿತು ಅರಿಯುವುದು ಧರ್ಮಕ್ಕೆ ಹೊರಗಿನದೆಂದು ಅವನಿಗೆ ತೋರಲಿಲ್ಲ. ಇವರ ಗ್ರಂಥಗಳನ್ನು ಮುದ್ರಿಸಿ ಬಿಡುಗಡೆಯ ಸಮಾರಂಭ ನಡೆಸುವುದು ಸುಲಭ. ಇವರು ಮಾಡಿದ ಕೆಲಸವನ್ನು ಮುಂದುವರಿಸುವುದು ಕಷ್ಟ. ಸಮಾಜವು ಸುಲಭವಾದುದನ್ನು ಆರಿಸಿಕೊಂಡಿದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಖಂಡಿಸಬೇಕು. 2020ರಲ್ಲಿ ಕೆಲವರು, ಈ ರೋಗ ಮಾಂಸಾಹಾರಿಗಳಿಗೆ ಬಂದ ಶಿಕ್ಷೆ, ಶಾಕಾಹಾರಿಗಳಿಗೆ ಭಯವಿಲ್ಲವೆಂದು ಸಾರಿದರು. ವೈರಾಣು ಯಾರ ತಟ್ಟೆಯನ್ನೂ ನೋಡಲಿಲ್ಲ. ಶುದ್ಧ ಶಾಕಾಹಾರದ ಮನೆಗಳಲ್ಲಿಯೂ ಶವಗಳು ಹೊರಟವು. ಶಾಕಾ��ಾರವು ದಯೆಯ ವ್ರತ, ಅದು ರೋಗದಿಂದ ಪಾರಾಗುವ ಪರವಾನಗಿಯಲ್ಲ. ಪರರ ಸಾವಿನಲ್ಲಿ ತನ್ನ ಧರ್ಮದ ಗೆಲುವನ್ನು ಕಾಣುವವನಲ್ಲಿ ಅನುಕಂಪೆ ಇಲ್ಲ, ಅನುಕಂಪೆ ಇಲ್ಲದಲ್ಲಿ ಸಮ್ಯಕ್ತ್ವದ ಮಾತೇ ಇಲ್ಲ.

ಹಣದ ಮಾತು

ಕೊಟ್ಟ ದಾನವೆಲ್ಲ ಕೊನೆಗೆ ಕಂಪನಿಗಳ ಲಾಭವಾಗುತ್ತದೆ ಎಂಬುದು ವ್ಯವಹಾರ ಬಲ್ಲವರ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ಒಬ್ಬ ದಾನಿಯ ರಕ್ತದಿಂದ ಹುಟ್ಟಿದ ಸೊಟ್ರೊವಿಮ್ಯಾಬ್‌ಗೆ ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ ಒಂದು ಪ್ರಮಾಣಕ್ಕೆ ಸುಮಾರು 2,100 ಡಾಲರು. ದಾನವಾಗಿ ಬಂದುದು ಪರಿಗ್ರಹವಾಗಿ ಹೋಯಿತು.

ಆದರೆ ಬೇರೆ ದಾರಿಯೂ ಇದೆ. ಹಣವಿಲ್ಲದೆ ನಿಂತುಹೋಗಿದ್ದ ಆ ಹ್ಯೂಸ್ಟನ್ ತಂಡವು 2020ರಲ್ಲಿ ತನ್ನ ಹಳೆಯ ಅನುಭವದ ಬಲದಿಂದ ಕೋವಿಡ್‌ಗೆ ಲಸಿಕೆಯನ್ನು ರೂಪಿಸಿ, ಅದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಹಂಚಿತು. ಹೈದರಾಬಾದಿನ ಬಯಾಲಾಜಿಕಲ್ ಇ ಕಂಪನಿ ಅದನ್ನು ಕಾರ್ಬೆವ್ಯಾಕ್ಸ್ ಎಂಬ ಹೆಸರಿನಲ್ಲಿ ತಯಾರಿಸಿತು. 2021ರ ಡಿಸೆಂಬರಿನಲ್ಲಿ ಭಾರತ ಸರಕಾರ ಅದಕ್ಕೆ ತುರ್ತು ಅನುಮತಿ ನೀಡಿತು. ಅದರ ಮುಖ್ಯ ಪ್ರೋಟೀನನ್ನು ಬೆಳೆಸಿದ್ದು ಯೀಸ್ಟ್‌ನಲ್ಲಿ. ಕೋಟ್ಯಂತರ ಭಾರತೀಯ ಮಕ್ಕಳಿಗೆ ದೊರೆತ ಲಸಿಕೆ ಅದೇ. ಆ ತಂಡದ ಹಿಂದೆ ದಾನಿಗಳ ಹಣವೂ ಇತ್ತು. ದಾನಿಯು ಮೊದಲೇ ಕರಾರನ್ನು ಬರೆಸಿಕೊಂಡರೆ ದಾನ ದಾನವಾಗಿಯೇ ಉಳಿಯಬಲ್ಲುದು. ಮನೆಯನ್ನು ಬಾಡಿಗೆಗೆ ಕೊಡುವಾಗ ಹತ್ತು ಷರತ್ತುಗಳನ್ನು ಬರೆಸುವ ಸಮಾಜಕ್ಕೆ ಇದನ್ನು ಕಲಿಸಿಕೊಡಬೇಕಾಗಿಲ್ಲ.

ಟ್ರಸ್ಟ್‌ಗಳ ಮುಂದಿರುವ ಕೆಲಸ

ಪ್ರತಿಯೊಂದು ಟ್ರಸ್ಟ್ ತನ್ನ ವಾರ್ಷಿಕ ವೆಚ್ಚದಲ್ಲಿ ಒಂದು ನಿಶ್ಚಿತ ಪಾಲನ್ನು, ಅದು ನೂರಕ್ಕೆ ಒಂದೇ ಆಗಲಿ, ಪ್ರಾಣಿರಹಿತ ಔಷಧ ಸಂಶೋಧನೆಗಾಗಿ ಮೀಸಲಿಡಬೇಕು. ಆ ಪಾಲು ರೋಗವಿರುವ ವರ್ಷಕ್ಕೂ ಇಲ್ಲದ ವರ್ಷಕ್ಕೂ ಒಂದೇ ಆಗಿರಬೇಕು. ಸಣ್ಣ ಟ್ರಸ್ಟ್‌ಗಳು ಹಲವು ಕೂಡಿ ಒಂದು ಶಾಶ್ವತ ನಿಧಿಯನ್ನು ಕಟ್ಟಿ, ಅದರ ಬಡ್ಡಿಯಿಂದ ಒಬ್ಬ ಯುವ ಸಂಶೋಧಕನಿಗೆ ಐದು ವರ್ಷಗಳ ವೇತನವನ್ನು ಕೊಡಬಹುದು. ಟ್ರಸ್ಟ್‌ನ ಉದ್ದೇಶಪತ್ರದಲ್ಲಿ ಇದಕ್ಕೆ ಆಸ್ಪದವಿದೆಯೇ ಎಂಬುದನ್ನು ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳುವುದು ಸುಲಭದ ಕೆಲಸ.

ಕೊಡುವ ಹಣಕ್ಕೆ ಎರಡು ಷರತ್ತುಗಳು ಲಿಖಿತವಾಗಿರಬೇಕು. ಪ್ರತಿಕಾಯವನ್ನು ಪಡೆಯಲು ಪ್ರಾಣಿಗೆ ಸೂಜಿ ಚುಚ್ಚಬಾರದು ಎಂಬುದು ಒಂದು. ದೊರೆತ ಫಲವನ್ನು ಬಡದೇಶಗಳು ತಯಾರಿಸಿಕೊಳ್ಳಲು ಅಡ್ಡಿ ಮಾಡಬಾರದು ಎಂಬುದು ಇನ್ನೊಂದು. ಜೈನ ಆಡಳಿತದ ಆಸ್ಪತ್ರೆಗಳು ತಮ್ಮ ಪ್ರಯೋಗಾಲಯಗಳಿಗೆ ಸಾಮಗ್ರಿ ಕೊಳ್ಳುವಾಗ ಪ್ರಾಣಿರಹಿತ ಪ್ರತಿಕಾಯಗಳಿವೆಯೇ ಎಂದು ಮಾರಾಟಗಾರರನ್ನು ಕೇಳಬೇಕು. ಗಿರಾಕಿ ಕೇಳದ ಸರಕನ್ನು ಯಾವ ವ್ಯಾಪಾರಿಯೂ ಅಂಗಡಿಯಲ್ಲಿ ಇಡುವುದಿಲ್ಲ.

ಕುಟುಂಬಗಳಿಗೂ ಒಂದು ಕರ್ತವ್ಯವಿದೆ. ರಕ್ತದಾನ ಶಿಬಿರಗಳನ್ನು ಉತ್ಸಾಹದಿಂದ ನಡೆಸುವ ಯುವಕ ಮಂಡಲಗಳು, ರೋಗದಿಂದ ಗುಣಮುಖರಾದವರು ತಿಳಿವಳಿಕೆಯಿಂದ ಒಪ್ಪಿ ಸಂಶೋಧನೆಗಾಗಿ ಒಂದಿಷ್ಟು ರಕ್ತವನ್ನು ಕೊಡುವುದೂ ಶ್ರೇಷ್ಠ ದಾನವೆಂದು ತಿಳಿಸಿಹೇಳಬೇಕು. ಮನುಷ್ಯನು ಇಷ್ಟಪಟ್ಟು ಕೊಟ್ಟ ಒಂದು ಸೀಸೆಯ ರಕ್ತವು ಕೇಳದೆ ತೆಗೆದ ಪ್ರಾಣಿಯ ರಕ್ತದ ಅಗತ್ಯವನ್ನು ತಪ್ಪಿಸಬಲ್ಲುದು.

ಪ್ರತಿ ವರ್ಷ ದಶಲಕ್ಷಣಪರ್ವದ ಎಂಟನೆಯ ದಿನ ಉತ್ತಮ ತ್ಯಾಗವನ್ನು ಕುರಿತು ಪ್ರವಚನ ನಡೆಯುತ್ತದೆ. ನಾಲ್ಕು ದಾನಗಳ ಹೆಸರನ್ನು ಅಂದು ಪ್ರತಿಯೊಬ್ಬ ಶ್ರಾವಕನೂ ಶ್ರಾವಿಕೆಯೂ ಕೇಳುತ್ತಾರೆ. ಮುಂದಿನ ಪರ್ವದ ಆ ದಿನ ಪ್ರವಚನ ಮುಗಿದ ಬಳಿಕ ಟ್ರಸ್ಟಿನ ಪದಾಧಿಕಾರಿಗಳು ಎದ್ದುನಿಂತು, ಔಷಧದಾನದ ಖಾತೆಯಲ್ಲಿ ಕಳೆದ ವರ್ಷ ಯಾವ ಸಂಶೋಧನೆಗೆ ಎಷ್ಟು ಕೊಟ್ಟೆವೆಂದು ಸಭೆಗೆ ಓದಿಹೇಳಲಿ. ಓದಲು ಅಂಕಿಯೇ ಇಲ್ಲದಿದ್ದರೆ, ಆ ಸೊನ್ನೆಯನ್ನೇ ಗಟ್ಟಿಯಾಗಿ ಓದಲಿ. ಅದನ್ನು ಕೇಳಿದ ಸಭೆಯು ಮರುವರ್ಷ ಅದನ್ನು ಸೊನ್ನೆಯಾಗಿಯೇ ಉಳಿಯಗೊಡಲಾರದು.